ಯಾರ ಕಡೆಯದೂ ಅಲ್ಲ

ಜೂನ್ 9, 2025, ಸೋಮವಾರ. ಬೆಳಿಗ್ಗೆ

ಯಶುವಿನ ರಾಗಿ ಗಂಜಿ ಮುಗಿಯಿತು. ಅರ್ಧ ಹೊಟ್ಟೆಗೆ, ಅರ್ಧ ಟವೆಲಿಗೆ. ಫಿಟ್ಸ್ ಮಾತ್ರೆ ಪುಡಿ ಮಾಡಿ ಜೇನಿನಲ್ಲಿ ಕಲಸಿ ಕೊಟ್ಟೆ. ಉಗಿಯಲಿಲ್ಲ. ನರಸಿಂಹಮ್ಮ ಬಂದು ಅವಳನ್ನು ವಹಿಸಿಕೊಂಡರೆ ನಾನು ಗುಬ್ಬಿ ಬಸ್ಸಿಗೆ ಓಡಬೇಕು. ಬ್ಯಾಂಕಿನಲ್ಲಿ ಸೋಮವಾರ ಅಂದರೆ ಸಂತೆ.

ನಿನ್ನೆ ಮಾಮ ಬಂದು ಹೋದರು. ಎಲ್ಲ ಭಾನುವಾರದ ಹಾಗೆ. ಯಶುವಿನ ಉಗುರು ಕತ್ತರಿಸಿ, ಊಟ ಮಾಡಿ, ನಾಲ್ಕು ಗಂಟೆಗೆ ಹೊರಟರು.

ಫೋನಿನಲ್ಲಿ ‘ಮಾಮ’ ಅಂದಿದ್ದು ಕೇಳಿ ಬ್ರಾಂಚಿನ ಹೊಸ ಹುಡುಗಿ, “ಮೇಡಂ, ಸರ್‌ನ ಹಂಗೆ ಕರೀತೀರಾ?” ಅಂತ ನಕ್ಕಳು. ಏನು ಮಾಡಲಿ. ಅಮ್ಮನ ತಮ್ಮ. ನಾನು ಮಾತು ಕಲಿತಾಗಿನಿಂದ ಮಾಮ. ತಾಳಿ ಕಟ್ಟಿದ ಮಾರನೆಯ ದಿನ ಬೇರೆ ಏನು ಅಂತ ಕರೆಯುವುದು?

ಯಶುವಿನ ಎರಡೂ ಕೈ ದಿನವಿಡೀ ಒಂದನ್ನೊಂದು ಹಿಂಡುತ್ತಿರುತ್ತವೆ, ಬಟ್ಟೆ ಹಿಂಡಿದ ಹಾಗೆ. ನಿಲ್ಲುವುದು ನಿದ್ದೆಯಲ್ಲಿ. ಇನ್ನೊಂದು ಸಲ ನಿಲ್ಲುವುದು ಭಾನುವಾರ, ಮಾಮನ ಬೈಕು ನಮ್ಮ ರಸ್ತೆಗೆ ತಿರುಗುವ ಮುಂಚೆ. ನನಗೆ ಏನೂ ಕೇಳಿಸಿರುವುದಿಲ್ಲ. ಅವಳ ಕೈ ನಿಂತು, ಕಣ್ಣು ಗೇಟಿಗೆ ಹೋಗಿರುತ್ತದೆ.

ಹದಿನೇಳು ವರ್ಷದ ಮಗಳು. ಒಂದೂವರೆ ವರ್ಷದವರೆಗೆ ‘ಅಪ್ಪ’, ‘ಕಾಕಿ’, ‘ಬಾ’ ಅನ್ನುತ್ತಿದ್ದಳು. ಆಮೇಲೆ ಒಂದೊಂದೇ ಮಾತು ಹೋಯಿತು.

ಜೂನ್ 14, ಶನಿವಾರ

ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದೆವು. ನಾನೂ ಮಾಮನೂ.

ಏಪ್ರಿಲ್‌ನಲ್ಲಿ ಯಶುವಿನ ಕಾಯಿಲೆಗೆ ಹೆಸರು ಸಿಕ್ಕಿತು. ರೆಟ್ ಸಿಂಡ್ರೋಮ್. ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪು. ಅದು ನಮ್ಮಿಬ್ಬರಲ್ಲಿ ಯಾರಿಂದಲಾದರೂ ಬಂದಿದೆಯಾ ಅಂತ ನೋಡಲು ಈಗ ನಮ್ಮ ರಕ್ತ.

ಆ ಹೆಸರು ಹೇಳಿದ್ದು ಹೊಸ ಡಾಕ್ಟರು, ಚಿಕ್ಕ ವಯಸ್ಸು. ಮೊದಲ ದಿನ ಯಶುವಿನ ಕೈಯನ್ನೇ ತುಂಬಾ ಹೊತ್ತು ನೋಡಿದ್ದರು. ಹಿಂದಿನವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ — “ಸಂಬಂಧದಲ್ಲಿ ಮದುವೆನಾ?” ಹೌದು ಅಂದರೆ, ಸೋದರಮಾವ ಅಂದರೆ, ಒಂದು “ಓ”. ಬರೆದುಕೊಳ್ಳುತ್ತಿದ್ದರು. ಆಮೇಲೆ ಏನೂ ಕೇಳುತ್ತಿರಲಿಲ್ಲ. ನಾವೂ ಕೇಳಲಿಲ್ಲ. ಉತ್ತರ ಸಿಕ್ಕಿಬಿಟ್ಟಿತ್ತಲ್ಲ.

ಲ್ಯಾಬಿನಲ್ಲಿ ಮಾಮ ತೋಳು ಮಡಚುತ್ತಾ ಸೂಜಿ ಹಿಡಿದ ಹುಡುಗಿಗೆ, “ಇಬ್ರುದೂ ಒಂದೇ ರಕ್ತ ಕಣಮ್ಮ. ಒಬ್ರುದ್ ತಗೊಂಡ್ರೆ ಸಾಲ್ದಾ?” ಅಂದರು. ಅವಳು ನಕ್ಕಳು. ಮಾಮ ನಗಲಿಲ್ಲ.

ಜೂನ್ 24, ಮಂಗಳವಾರ

ರಿಪೋರ್ಟ್ ಬಂದಿಲ್ಲ.

ಮಾಮ ಗುಬ್ಬಿಯ ತೋಟದ ಮನೆಗೆ ಹೋಗಿ ಒಂಬತ್ತು ವರ್ಷ. ಜಗಳ ಆಗಿರಲಿಲ್ಲ. ಯಶುಗೆ ಮೊದಲ ದೊಡ್ಡ ಫಿಟ್ಸ್ ಬಂದ ವಾರ. ಅಮ್ಮ ಕುಣಿಗಲ್ಲಿನಿಂದ ಬಂದು ಅತ್ತರು, ‘ತಮ್ಮಂಗೆ ಕೊಟ್ಟು ನಾನೇ ನಿನ್ನ ಕೆಡಿಸ್ದೆ’ ಅಂತ. ಅಮ್ಮ ಹೋದ ಮೇಲೆ ಮಾಮ ಹೇಳಿದ್ದು: “ನಾವು ಒಂದೇ ಮನೆಯೋರು ಸುಧಾ. ಒಂದೇ ಮನೇಲಿ ಸಂಸಾರ ಮಾಡಬಾರ್ದಿತ್ತು. ನಿಮ್ಮಮ್ಮ ನನ್ನ ಮುಖ ನೋಡ್ದಾಗೆಲ್ಲ ಸೆರಗು ಕಣ್ಣಿಗೆ ಒತ್ಕೋತಾಳೆ.” ಎರಡು ಜೊತೆ ಬಟ್ಟೆ ತೆಗೆದುಕೊಂಡು ಹೋದರು. ಮಿಕ್ಕ ಬಟ್ಟೆ ಇನ್ನೂ ಬೀರುವಿನಲ್ಲಿದೆ.

ತುಮಕೂರಿನಿಂದ ನಾನು ದಿನಾ ಹೋಗುವ ಬ್ಯಾಂಕೂ ಗುಬ್ಬಿಯಲ್ಲೇ. ಅವರ ಅಕೌಂಟ್ ಬೇರೆ ಬ್ಯಾಂಕಿನಲ್ಲಿ. ವಾರದ ಆರು ದಿನ ಒಂದೇ ಊರಿನಲ್ಲಿ ಇರುತ್ತೇವೆ. ಒಮ್ಮೆಯೂ ಎದುರಾಗುವುದಿಲ್ಲ. ಅದಕ್ಕೂ ಶ್ರಮ ಬೇಕು ಅಂತ ಈಗ ಬರೆಯುವಾಗ ಹೊಳೆಯಿತು.

ರಿಪೋರ್ಟ್ ಬೇರೆ ಏನಾದರೂ ಹೇಳಿದರೆ? ಹೋದ ಕಾರಣವೇ ಇಲ್ಲ ಅಂತಾದರೆ, ವಾಪಸ್ ಬರುತ್ತಾರಾ? ಬರಲಿ ಅಂತ ನನಗೆ ಇದೆಯಾ? ಇದೆ. ಬರೆದೆ, ಆಯಿತು.

ಅವರ ಮಂಚದ ಮೇಲೆ ಡೈಪರ್ ಪ್ಯಾಕೆಟ್ಟುಗಳು. ಎತ್ತಿಟ್ಟೆ. ನಾಚಿಕೆಯಾಗಿ ಮತ್ತೆ ಅಲ್ಲೇ ಇಟ್ಟೆ.

ಜುಲೈ 17, ಗುರುವಾರ. ಲಂಚ್ ಟೈಮ್

ಡಾಕ್ಟರ್ ಫೋನ್. ಬ್ರಾಂಚಿನ ಹಿಂದಿನ ಜನರೇಟರ್ ಪಕ್ಕ ನಿಂತು ಕೇಳಿಸಿಕೊಂಡೆ.

“ನಿಮ್ಮ ರಕ್ತದಲ್ಲೂ ಇಲ್ಲ, ಅವರ ರಕ್ತದಲ್ಲೂ ಇಲ್ಲ ಮೇಡಂ. ಮಗುವಿನಲ್ಲೇ ಹೊಸದಾಗಿ ಆಗಿರೋದು.”

ಜೀವಕೋಶ ಎರಡಾಗುವಾಗ ಒಳಗಿನ ಬರಹವೆಲ್ಲ ನಕಲಾಗುತ್ತದಂತೆ. ಕೋಟಿಗಟ್ಟಲೆ ಅಕ್ಷರ. ತಪ್ಪುಗಳು ಆಗುತ್ತಲೇ ಇರುತ್ತವೆ, ಬಹುತೇಕ ಅಲ್ಲೇ ತಿದ್ದಿಕೊಳ್ಳುತ್ತವೆ. ಒಂದು ಉಳಿದುಹೋಯಿತು.

“ಸಂಬಂಧದ ಮದುವೆ...” ಅಂದೆ.

“ಎಷ್ಟೋ ಕಾಯಿಲೆಗೆ ಅದು ಕಾರಣ ಆಗುತ್ತೆ. ಇದಕ್ಕಲ್ಲ. ನೀವು ಯಾರನ್ನ ಮದುವೆಯಾಗಿದ್ದರೂ ಆಗಬಹುದಿತ್ತು.”

ಆ ತಪ್ಪಾದದ್ದು ಯಾರ ಕೋಶದಲ್ಲಿ, ಅವರದಾ ನನ್ನದಾ ಅಂತ ಕೇಳಿದೆ. ಕೇಳಬಾರದಿತ್ತೇನೋ. ಈ ಟೆಸ್ಟಿನಲ್ಲಿ ಗೊತ್ತಾಗುವುದಿಲ್ಲ, ಆದರೆ ಈ ಕಾಯಿಲೆಯಲ್ಲಿ ಹೆಚ್ಚಾಗಿ ತಂದೆಯ ಕಡೆ ಅಂದರು. ಗಂಡಸಿನ ವೀರ್ಯದ ಕೋಶಗಳು ಜೀವನವೆಲ್ಲ ಎರಡಾಗುತ್ತಲೇ ಇರುತ್ತವೆ. ವಯಸ್ಸಾದಷ್ಟೂ ನಕಲು ಜಾಸ್ತಿ, ತಪ್ಪಿಗೆ ಅವಕಾಶ ಜಾಸ್ತಿ. “ಇದರಲ್ಲಿ ಯಾರ ತಪ್ಪೂ ಇಲ್ಲ, ದಯವಿಟ್ಟು ಹಾಗೇ ಹೇಳಿ ಅವರಿಗೆ.”

ಕಾನ್ವೆಂಟಿನಲ್ಲಿ ‘ಮದರ್ ಸೆಲ್’, ‘ಡಾಟರ್ ಸೆಲ್’ ಅಂತ ಚಿತ್ರ ಬರೆದು ಬಣ್ಣ ತುಂಬಿದ್ದೆ. ಹತ್ತಕ್ಕೆ ಒಂಬತ್ತು ಮಾರ್ಕ್ಸ್. ಎಷ್ಟು ಚೆನ್ನಾಗಿ ಕತ್ತರಿಸಿಕೊಂಡು ಬೇರೆಯಾಗುತ್ತಿದ್ದವು ಆ ಚಿತ್ರದಲ್ಲಿ.

ಯಾರಿಗಾದರೂ ಹೇಳಬೇಕು ಅನ್ನಿಸಿತು. ಕ್ಯಾಶ್ ಕೌಂಟರಿಗೆ ಹೋಗಿ ಕೂತೆ.

ಜುಲೈ 20, ಭಾನುವಾರ

ಮಾಮ ಬಂದರು. ಹೇಳಲಿಲ್ಲ. ಫೋನ್ ಬಂತಾ ಅಂತ ಅವರೂ ಕೇಳಲಿಲ್ಲ.

ಹೇಳಿದರೆ ಮೊದಲ ಪ್ರಶ್ನೆ ಅದೇ ಬರುತ್ತದೆ — ಹಾಗಾದರೆ ಯಾರಿಂದ? ಒಂದು ಭಾರ ಇಳಿಸಿ ಇನ್ನೊಂದು ಹೊರಿಸುವುದಾ? ಅರ್ಧ ಮಾತ್ರ ಹೇಳಿದರೆ ಸುಳ್ಳಾಗುತ್ತದಾ?

ಜುಲೈ 26, ಶನಿವಾರ

ನಾಲ್ಕನೇ ಶನಿವಾರ, ರಜೆ. ಕುಣಿಗಲ್‌ಗೆ ಹೋಗಿದ್ದೆ. ಮೊದಲು ಅಮ್ಮನಿಗೆ ಹೇಳೋಣ ಅಂತ. ಅಮ್ಮ ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

“ನಮ್ಮಿಬ್ಬರಿಂದ ಬಂದಿದ್ದಲ್ಲವಂತೆ ಅಮ್ಮ.”

“ಮತ್ಯಾರ್ದಂತೆ?”

“ಯಾರದೂ ಅಲ್ಲ. ತಾನಾಗೇ ಆಗಿದ್ದು.”

“ತಾನಾಗೇ ಆಗಕ್ಕೆ ಅದೇನು ಹೊಲದ ಕಳೆಯೇನೇ?”

ನಿಧಾನವಾಗಿ ಮತ್ತೆ ಹೇಳಿದೆ. ಸಂಬಂಧ ಕಾರಣ ಅಲ್ಲ, ನೀನು ಕೊಟ್ಟಿದ್ದು ಕಾರಣ ಅಲ್ಲ. ಅಳುತ್ತಾರೆ ಅಂದುಕೊಂಡಿದ್ದೆ. ಕೈ ಆರಿಸುತ್ತಲೇ ಇತ್ತು. ಆಮೇಲೆ ಮೊರ ಕೆಳಗಿಟ್ಟರು.

“ಹಂಗಾರೆ ಇನ್ನೊಂದು ಮಗ ಮಾಡ್ಕೋಬೋದಿತ್ತಲ್ಲೇ.”

ಮೊರ ನನ್ನ ಕಡೆ ಎಳೆದುಕೊಂಡು ಕಲ್ಲು ಆರಿಸತೊಡಗಿದೆ.

“ಬ್ಯಾಡ ಅಂದೋಳೂ ನಾನೇ ಅಲ್ವೇನೇ? ಇನ್ನೊಂದೂ ಹಿಂಗೇ ಆಯ್ತದೆ ಅಂತ...”

ಜನರೇಟರ್ ಪಕ್ಕ ನಿಂತಾಗಲೇ ಬಂದಿತ್ತು ಆ ಯೋಚನೆ. ಇಲ್ಲಿ ಬರೆದಿರಲಿಲ್ಲ. ಅಮ್ಮ ಬಾಯಿಬಿಟ್ಟು ಹೇಳಿಬಿಟ್ಟರು. ಬಸ್ಸಿನಲ್ಲಿ ಪಕ್ಕದ ಸೀಟು ತುಮಕೂರಿನವರೆಗೂ ಖಾಲಿ ಇತ್ತು. ಒಳ್ಳೆಯದೇ ಆಯಿತು.

ಜುಲೈ 27, ಭಾನುವಾರ

ಹೇಳಿದೆ.

ಮಾಮ ಯಶುವಿನ ಉಗುರು ಕತ್ತರಿಸುತ್ತಿದ್ದರು. ಅದು ಅವರಿಂದ ಮಾತ್ರ ಸಾಧ್ಯ. ಅವರು ಹಿಡಿದರೆ ಆ ಕೈ ಸುಮ್ಮನಿರುತ್ತದೆ. ಎಡಗೈ ಮುಗಿಯುವಷ್ಟರಲ್ಲಿ ನಾನೂ ಹೇಳಿ ಮುಗಿಸಿದೆ.

“ಸಂಬಂಧದಿಂದ ಅಲ್ವಾ?”

“ಅಲ್ಲ ಮಾಮ.”

ಅವರ ಮುಖ ಒಂದು ಗಳಿಗೆ ಹೇಗಾಯಿತು ಅಂದರೆ, ನನ್ನ ಹೈಸ್ಕೂಲಿನ ಕಾಲದಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದ ಆ ಮಾಮನೇ.

“ಮತ್ತೆ ಯಾರ ಕಡೆಯಿಂದ ಅಂತೆ?”

“ಗೊತ್ತಾಗಲ್ಲವಂತೆ.”

“ಏನೂ ಹೇಳ್ಲಿಲ್ವಾ ಡಾಕ್ಟ್ರು?”

“ಇಲ್ಲ.”

ಬಲಗೈ ಹಿಡಿದರು. ಕತ್ತರಿಸಲಿಲ್ಲ. “ಸುಧಾ, ನೀನು ಅಂಬೆಗಾಲಿಡೋವಾಗಿಂದ ನೋಡಿದೀನಿ ಕಣೇ. ಸುಳ್ಳು ಹೇಳೋವಾಗ ಕಿವಿ ಮುಟ್ಕೋತೀಯ.”

ನನ್ನ ಕೈ ಕಿವಿಯ ಮೇಲೇ ಇತ್ತು. ಬೇರೆ ಯಾರನ್ನು ಮದುವೆಯಾಗಿದ್ದರೂ ಅವನಿಗೆ ಇದೊಂದು ಗೊತ್ತಾಗುತ್ತಿರಲಿಲ್ಲ.

ಹೆಚ್ಚಾಗಿ ತಂದೆಯ ಕಡೆಯಂತೆ ಅಂತ ಹೇಳಿಬಿಟ್ಟೆ. ಹೆಚ್ಚಾಗಿ ಅಂದರೆ ಎಲ್ಲ ಅಲ್ಲ, ಯಾರ ತಪ್ಪೂ ಅಲ್ಲ ಅಂತಲೂ ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ. “ಮೂವತ್ತೇಳಾಗಿತ್ತು ನಂಗೆ, ಇವಳು ಹುಟ್ಟಿದಾಗ,” ಅಂದರು. ನೇಲ್ ಕಟರ್ ಮಡಚಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಊಟಕ್ಕೆ ಏಳಲಿಲ್ಲ. ಹೊರಟರು.

ಬಲಗೈ ಉಗುರು ಹಾಗೇ ಉಳಿಯಿತು.

ಡಾಕ್ಟರ ಮಾತೆಲ್ಲ ಹೇಳಿದೆ. ನನ್ನ ಮಾತು — ಬಂದು ಇರಿ ಮಾಮ — ಅದೊಂದು ಹೇಳಲಿಲ್ಲ.

ಆಗಸ್ಟ್ 3, ಭಾನುವಾರ

ಬರಲಿಲ್ಲ.

ಆಗಸ್ಟ್ 10, ಭಾನುವಾರ

ಬರಲಿಲ್ಲ. ಯಶುವಿನ ಕಣ್ಣು ಬೆಳಿಗ್ಗೆಯಿಂದ ಗೇಟಿನ ಮೇಲೆ. ಕೈ ಒಂದು ಸಲವೂ ನಿಲ್ಲಲಿಲ್ಲ. ಬಲಗೈ ಉಗುರು ಎಡ ಮಣಿಕಟ್ಟನ್ನು ಗೀರಿ ಕೆಂಪಾಗಿದೆ. ನಿನ್ನೆ ನರಸಿಂಹಮ್ಮ ಕತ್ತರಿಸಲು ಹೋಗಿ ಕೆನ್ನೆಗೆ ಏಟು ತಿಂದಳು. “ನಂಗ್ ಬುಡಲ್ಲ ಕಣಕ್ಕ. ಅಪ್ಪನ್ನೇ ಕರ್ಸು ಅಂತ ಹಟ ಇವ್ಳಿಗೆ.” ನಾನೂ ಪ್ರಯತ್ನಿಸಿ ನೋಡಿದೆ. ನನಗೂ ಬಿಡಲಿಲ್ಲ.

ಮೆಸೇಜ್ ಹಾಕಿದೆ: ಬಲಗೈ ಉಗುರು ಹಾಗೇ ಇದೆ.

ಅಳಿಸಿ ಬೇರೆ ಬರೆಯೋಣ ಅಂದುಕೊಳ್ಳುವಷ್ಟರಲ್ಲಿ ನೀಲಿ ಟಿಕ್. ಉತ್ತರ ಇಲ್ಲ.

ಆಗಸ್ಟ್ 13, ಬುಧವಾರ

ಅಮ್ಮನ ಫೋನ್. ಮಾಮ ನಿನ್ನೆ ಕುಣಿಗಲ್‌ಗೆ ಹೋಗಿದ್ದರಂತೆ. ಇಷ್ಟು ವರ್ಷದಲ್ಲಿ ಮೊದಲ ಸಲ, ಅಕ್ಕನ ಮನೆಗೆ.

“ಬಂದವ್ನೆ, ಜಗಲಿ ಮೇಲೆ ಕುಂತವ್ನೆ. ನಂದೇ ತಪ್ಪಂತೆ ಕಣಕ್ಕ ಅಂತ ಒಂದೇ ರಾಗ. ಬೈದೆ ಚೆನ್ನಾಗಿ. ಇಷ್ಟು ವರ್ಷ ನನ್ನ ತಪ್ಪು ಅಂತ ನಾನು ಇಟ್ಕೊಂಡಿದ್ದೆ, ಈಗ ಅದನ್ನೂ ಕಿತ್ಕೊಂಡು ನೀನು ಮಡಿಕ್ಕಂಡ್ಯೇನ್ಲಾ ಅಂದೆ.”

“ಏನಂದ್ರು ಅಮ್ಮ?”

“ಏನಂತಾನೆ. ಎರಡು ಮುದ್ದೆ ಉಂಡ. ಹೋದ.”

ಎಲ್ಲಿಗೆ ಅಂತ ಕೇಳಲಿಲ್ಲ.

ಆಗಸ್ಟ್ 15, ಶುಕ್ರವಾರ. ಬೆಳಿಗ್ಗೆ

ರಜೆ. ನರಸಿಂಹಮ್ಮನೂ ಬರುವುದಿಲ್ಲ. ಪಕ್ಕದ ಮರಳೂರು ಶಾಲೆಯ ಮೈಕು ಆಗಲೇ ಶುರು. ಈ ಗಲಾಟೆಯಲ್ಲಿ ಯಶುಗೆ ಗಂಜಿ ಇಳಿಯುತ್ತಿಲ್ಲ. ಮಣಿಕಟ್ಟಿಗೆ ಹಳೆಯ ಸಾಕ್ಸ್ ಕತ್ತರಿಸಿ ಹಾಕಿದ್ದೇನೆ.

ಮಂಚದ ಮೇಲಿನ ಪ್ಯಾಕೆಟ್ಟುಗಳನ್ನು ತೆಗೆದು ಅಟ್ಟದ ಮೇಲೆ ಹಾಕಿದೆ. ಯಾರಾದರೂ ಬರಲಿ ಅಂತಲ್ಲ. ಮಂಚ ಮಂಚದ ಹಾಗೆ ಇರಲಿ ಅಂತ. ಕಿವಿ ಮುಟ್ಟಿಕೊಂಡೆನಾ? ಹೌದು.

ಇಂಥದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದರೆ ಆಫೀಸ್ ನೋಟ್ ಆಗಿಬಿಡುತ್ತದೆ. ಕನ್ನಡದಲ್ಲಿ ಬರೆದರೆ ಯಾರಿಗೋ ಹೇಳುತ್ತಿದ್ದೇನೆ ಅನ್ನಿಸುತ್ತದೆ, ಯಾರೂ ಇಲ್ಲದಿದ್ದರೂ. ಇವತ್ತು ಭಾನುವಾರ ಅಲ್ಲ. ಹಾಗಾಗಿ ಕಾಯುವ ಪ್ರಶ್ನೆಯೇ ಇಲ್ಲ. ಹನ್ನೊಂದಕ್ಕೆ ಯಶುವಿನ ಸ್ನಾನ, ಆಮೇಲೆ ಬೇಳೆ ಬೇಯಿಸಿ

ಅವಳ ಕೈ ನಿಂತಿದೆ.

ನಿದ್ದೆ ಇಲ್ಲ, ಕಣ್ಣು ಬಿಟ್ಟೇ ಇದ್ದಾಳೆ. ನನಗೆ ಮೈಕು ಬಿಟ್ಟು ಏನೂ ಕೇಳುತ್ತಿಲ್ಲ. ಆದರೆ ಕಣ್ಣು ಗೇಟಿಗೆ —