ಹುಟ್ಟುಹಬ್ಬದ ದಿನ ನಾನಾಡಿದ ಮಾತು

ಮುದ್ದು ಶೈನಿ,

ಇದನ್ನು ಓದುವಷ್ಟು ದೊಡ್ಡವಳಾದಾಗ, ಆಗ ವಿನೀತತ್ತೆ ಅಷ್ಟು ದಿನ ನಮ್ಮನೆಗೆ ಯಾಕೆ ಬರಲಿಲ್ಲ ಎಂದು ನೀನು ಕೇಳಬಹುದು. ನನ್ನ ಬಾಯಿಯ ದೆಸೆಯಿಂದ ಕಣಮ್ಮ. ನಿಮ್ಮಪ್ಪ ಡೆನ್ನಿಸ್ ನನ್ನ ಒಬ್ಬನೇ ತಮ್ಮ. ಚಿಕ್ಕಂದಿನಿಂದಲೂ ಅವನಿಗೆ ಈ ಬಾಯಿ ಕಂಡರೆ ಭಯ.

ನಿನ್ನ ಎರಡನೇ ಹುಟ್ಟುಹಬ್ಬದಂದು ರಾಮಕೃಷ್ಣನಗರದ ನಿಮ್ಮ ಮನೆ ತುಂಬ ನೆಂಟರು. ನೀನು ಮೂಲೆಯಲ್ಲಿ ಬಲೂನಿನ ದಾರ ಸುತ್ತುತ್ತಾ ಕೂತಿದ್ದೆ. ಹಿಂದೆ ನಿಂತು ನಾಲ್ಕು ಸಲ ನಿನ್ನ ಹೆಸರು ಕರೆದೆ, ನೀನು ತಿರುಗಲಿಲ್ಲ. ಅಡುಗೆಮನೆಯಲ್ಲಿ ತಟ್ಟೆ ಬಿದ್ದಾಗ ಮಾತ್ರ ಬೆಚ್ಚಿ ನೋಡಿದೆ. ಕೇಕು ಬೇಕಾದಾಗ ಬೆರಳು ತೋರಿಸಲಿಲ್ಲ, ನಿಮ್ಮಮ್ಮ ಜಾನ್ಸಿಯ ಕೈ ಎಳೆದು ಅದರ ಮೇಲಿಟ್ಟೆ. ಎರಡು ವರ್ಷ ತುಂಬಿದರೂ ಒಮ್ಮೆಯೂ ಅಮ್ಮ ಎಂದಿರಲಿಲ್ಲ. ಹದಿನಾಲ್ಕು ವರ್ಷದಿಂದ ಕುವೆಂಪುನಗರದಲ್ಲಿ ಶಿಶುವಿಹಾರ ನಡೆಸುತ್ತಿರುವ ನನಗೆ ಸುಮ್ಮನಿರಲಾಗಲಿಲ್ಲ. ಎಲ್ಲರೆದುರೇ, "ಮಗೂನ ಬೇಗ ಡಾಕ್ಟರಿಗೆ ತೋರಿಸ್ರೋ, ಮಾತು ಹಿಂದೆ ಬಿದ್ದಿದೆ" ಎಂದುಬಿಟ್ಟೆ.

"ನಾನೂ ಮೂರು ವರ್ಷಕ್ಕೇ ಮಾತಾಡಿದ್ದು. ನನ್ ಮಗಳಲ್ಲಿ ತಪ್ಪು ಹುಡುಕಕ್ಕೆ ಬಂದ್ಬುಟ್ಟೆಯಾ? ಇನ್ಮೇಲೆ ಈ ಮನೆಗೆ ಬರ್ಬೇಡ ಕಣಕ್ಕ" ಎಂದ ನಿಮ್ಮಪ್ಪ.

ಒಳಗೆ ಕರೆದು ಮೆತ್ತಗೆ ಹೇಳಬಹುದಿತ್ತು. ಬೇರೆ ತಾಯಂದಿರಿಗೆಲ್ಲ ಹಾಗೇ ಹೇಳುತ್ತೇನೆ. ಸ್ವಂತ ತಮ್ಮನ ಹತ್ತಿರ ಆ ನಾಜೂಕು ಎಲ್ಲಿ ಹೋಗಿತ್ತೋ.

ಹತ್ತು ತಿಂಗಳಾಯಿತು. ನಿಮ್ಮ ಮನೆ ನನಗೆ ಐದು ನಿಮಿಷದ ದಾರಿ. ನಿಮ್ಮ ಬೀದಿಗೆ ಬಂದಾಗಲೆಲ್ಲ ಸ್ಕೂಟರ್ ನಿಧಾನ ಮಾಡುತ್ತೇನೆ. ನೀನು ಕಾಣುವುದಿಲ್ಲ, ತಂತಿಯ ಮೇಲೆ ಒಣಹಾಕಿದ ನಿನ್ನ ಫ್ರಾಕುಗಳು ಕಾಣುತ್ತವೆ. ನಾನು ತಂದುಕೊಟ್ಟ ಹಳದಿಯದು ಈಚೆಗೆ ಕಾಣುತ್ತಿಲ್ಲ, ಚಿಕ್ಕದಾಗಿರಬೇಕು. ಶಿಶುವಿಹಾರದಲ್ಲಿ ಮೂವತ್ತು ಮಕ್ಕಳು ನನ್ನ ಮೈಮೇಲೆ ಹತ್ತಿ ಕುಣಿಯುತ್ತವೆ. ಆದರೂ ನಿನ್ನನ್ನು ಎತ್ತಿಕೊಳ್ಳಬೇಕೆಂದು ಜೀವ ಹಂಬಲಿಸುತ್ತದೆ.

ಇವತ್ತು ಮಧ್ಯಾಹ್ನ ನಿಮ್ಮಮ್ಮ ಫೋನ್ ಮಾಡಿದಳು. "ಅಕ್ಕ, ಇನ್ನೂ ಅಮ್ಮ ಅಂದಿಲ್ಲ. ನಾಳೆ ತೋರ್ಸಕ್ಕೆ ಹೋಗ್ತಿದೀವಿ. ನೀವೂ ಬನ್ನಿ. ಇವ್ರೇ ಕರಿ ಅಂದ್ರು" ಎಂದಳು.

ಗೆದ್ದೆ ಅನ್ನಿಸಬೇಕಿತ್ತೇನೋ, ಅಳು ಬಂತು. ನಿನ್ನನ್ನು ನೋಡಲು ಕಾದಿದ್ದೆ ನಿಜ, ಆದರೆ ಹೀಗಲ್ಲ. ನಾನು ಹೇಳಿದ್ದೇ ನಿಜವಾದರೆ, ದಿನವೂ ನಿನ್ನನ್ನು ಮಾತಿನ ತರಬೇತಿಗೆ ಕರೆದೊಯ್ಯುವವಳು ನಾನೇ. ಅದಕ್ಕೆ ಡೆನ್ನಿಸನ ಅಪ್ಪಣೆ ಕೇಳುವುದಿಲ್ಲ. ಆದರೆ ನಾಳೆ ಡಾಕ್ಟರು, ಮಗು ಚೆನ್ನಾಗಿದೆ, ಈ ಅತ್ತೆಗೇ ತಲೆಕೆಟ್ಟಿದೆ ಎನ್ನಲಿ. ನಿಮ್ಮಪ್ಪ ಜನ್ಮವಿಡೀ ನನ್ನನ್ನು ಆಡಿಕೊಂಡು ನಗಲಿ, ಬೇಕಾದರೆ ಮತ್ತೆ ಬಾಗಿಲು ಹಾಕಲಿ. ಇದೊಂದು ಸಲ ನನ್ನ ಮಾತು ಸುಳ್ಳಾಗಬೇಕು ಕಂದ.

ತಾಯಿ ಮರಿಯಮ್ಮನ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ಬಾಯಿಬಡುಕಿ ಅತ್ತೆ,
ವಿನೀತಾ