ಚಾವಣಿ ತೆಗೆದ ಮನೆ

ಮಾರ್ಚ್ ೩, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೇಡಂ,

ಎಲ್ಲರೂ ನಿನ್ನನ್ನು ಹಾಗೇ ಕರೆಯುವಾಗ ನಾನೊಬ್ಬನೇ ಬೇರೆ ಹೆಸರು ಯಾಕೆ ಹುಡುಕಲಿ. ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಎಂದು ನಿನ್ನ ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಸಾಲುಗಳು ಈಚೆಗೆ ಮೇಲಕ್ಕೆ ಹತ್ತುತ್ತಿವೆ. ಉತ್ತರ ತಡವಾದದ್ದಕ್ಕೆ ಬೈಯಬೇಡ. ಆಫೀಸಿನಲ್ಲಿ ಒಂದು ಮನೆಯ ನಕ್ಷೆ ನನ್ನ ಪ್ರಾಣ ತಿನ್ನುತ್ತಿದೆ. ಅದರ ಯಜಮಾನ ಮೆಟ್ಟಿಲನ್ನು ಒಂದು ದಿನ ಎಡಕ್ಕೆ ಹಾಕಿಸುತ್ತಾನೆ, ಮಾರನೆಯ ದಿನ ಬಲಕ್ಕೆ. ಕೊನೆಗೆ ಮೆಟ್ಟಿಲೇ ಬೇಡ, ಹಗ್ಗ ಹಿಡಿದು ಹತ್ತುತ್ತೇನೆ ಅಂದರೂ ಅಂದಾನು. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನು ಎತ್ತಿದ ತಕ್ಷಣ ನಿನ್ನ ಅತ್ತೆ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂತುಬಿಡುತ್ತಾರೆ. "ಊಟ ಆಯ್ತಾ" ಅನ್ನುವುದರ ಆಚೆಗೆ ಅಲ್ಲಿ ನಾನು ಏನು ಮಾತಾಡಲಿ.

ನಿನ್ನ ಷರತ್ತು ಓದಿದೆ. ಆ ಶಾಲೆಯವರು ಇನ್ನೊಂದು ವರ್ಷ ಇರಿ ಅನ್ನುತ್ತಿದ್ದಾರೆ. ಮಗಳು, ನಮ್ಮ ಗಿಲಕಿ, ಮತ್ತೆ ಚಿತ್ರ ಬರೆಯಲು ಕೂತರೆ ನೀನು ಒಪ್ಪಿಕೊಳ್ಳುತ್ತೀಯ, ಕೂರದಿದ್ದರೆ ರಜೆಗೆ ಬಂದವಳು ಇಲ್ಲೇ ಉಳಿಯುತ್ತೀಯ. ಸರಿ. ಎರಡರಲ್ಲಿ ಯಾವುದಾಗಲಿ ಎಂದು ನನ್ನನ್ನು ಮಾತ್ರ ಕೇಳಬೇಡ. ಅಲ್ಲಿನ ಚಿತ್ರಶಾಲೆಯ ದೊಡ್ಡ ಕಿಟಕಿಗಳು, ಮಣ್ಣು ಸುಡುವ ಒಲೆ, ಮಕ್ಕಳು ಗೋಡೆಗೇ ಬಣ್ಣ ಹಚ್ಚಬಹುದು ಅನ್ನುವುದು, ಇವನ್ನೆಲ್ಲ ನೀನು ಬರೆಯುವ ರೀತಿ ನೋಡಿದರೆ ನನಗೇ ಆ ಶಾಲೆಗೆ ಸೇರಿಬಿಡೋಣ ಅನ್ನಿಸುತ್ತದೆ. ಇಲ್ಲಿನ ಶಾಲೆಯವರು ಡ್ರಾಯಿಂಗ್ ಮೇಡಂ ಹುದ್ದೆ ತೆಗೆದುಹಾಕಿದಾಗ ನೀನು ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದದ್ದು ನನಗೆ ಮರೆತಿಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ.

ಈವತ್ತಿನವರೆಗೆ ಅವಳು ಬರೆದಿಲ್ಲ. ಮಾತಿಗೇನೂ ಬರವಿಲ್ಲ, ಗಿಲಕಿ ಎಂದು ನಾವು ಸುಮ್ಮನೆ ಕರೆದದ್ದಲ್ಲವಲ್ಲ. ಆದರೆ ನೀನು ಬಸ್ಸು ಹತ್ತಿದ ದಿನ ಬಣ್ಣದ ಡಬ್ಬಿಯನ್ನು ಕಾಲಲ್ಲಿ ಮಂಚದ ಕೆಳಗೆ ತಳ್ಳಿದ್ದಳು, ಅದು ಅಲ್ಲೇ ಇದೆ. ಮನೆಯಲ್ಲಿ ನಡೆಯುವ ನಿನ್ನ ಭಾನುವಾರದ ಚಿತ್ರ ತರಗತಿಗೆ ಬಂದು ಕೂರುತ್ತಾಳೆ, ಕೂತು ಎಲ್ಲರ ಪೆನ್ಸಿಲಿಗೂ ಮೆಂಡರ್ ಹಾಕಿಕೊಡುತ್ತಾಳೆ. "ನೀನೂ ಬರಿಯೇ" ಅಂದರೆ, "ನಾನು ಬಿಜಿ ಇದೀನಿ" ಅನ್ನುತ್ತಾಳೆ. ಪೆನ್ಸಿಲುಗಳೆಲ್ಲ ಕಿರುಬೆರಳಿನಷ್ಟಾಗಿವೆ.

ಇನ್ನು ತರಗತಿಯ ಕಥೆ. ಗೆರೆ ಎಳೆಯಲೂ ಸ್ಕೇಲು ಬೇಕಾದವನ ಕೈಗೆ ನೀನು ಮಕ್ಕಳನ್ನು ಒಪ್ಪಿಸಿ ಹೋದೆ. ಕಣ್ಣೆದುರು ಇರುವುದನ್ನು ನೋಡಿಸಿ ಬರೆಸಿ ಅಂದಿದ್ದೆಯಲ್ಲ, ಮೊದಲು ಅಮ್ಮನನ್ನೇ ಕುರ್ಚಿಯ ಮೇಲೆ ಕೂರಿಸಿದೆ. ಅವರು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಬಾಯಿ ಆಡಿಸುತ್ತ, ಪ್ರತಿ ಮಗುವಿನ ಹಾಳೆಗೂ ಇಣುಕಿ, "ನಾನು ಇಷ್ಟು ದಪ್ಪ ಇದೀನೇನೇ?" ಎಂದು ಕೇಳಿ, ಕೊನೆಗೆ ಕ್ಷೌರದಂಗಡಿಯವರ ಅವಳಿ ಹುಡುಗಿಯರಿಗೆ ರಬ್ಬರು ಕೊಟ್ಟು ತಮ್ಮ ಸೊಂಟ ಸಣ್ಣ ಮಾಡಿಸಿಕೊಂಡರು.

ಅದಾದ ಮೇಲೆ ಮಕ್ಕಳು ಮನೆ ಬರೆಯಲು ಹೇಳಿಕೊಡಿ ಎಂದು ದುಂಬಾಲು ಬಿದ್ದರು. ನನಗೆ ಬರುವುದು ಒಂದೇ ಬಗೆಯ ಮನೆ. "ನೋಡ್ರಪ್ಪ, ನಮ್ಮ ಆಫೀಸಲ್ಲಿ ಮೊದಲು ಚಾವಣಿ ಕಿತ್ತು ಪಕ್ಕಕ್ಕೆ ಇಡ್ತೀವಿ. ಆಮೇಲೆ ಮೇಲಿಂದ ಬಗ್ಗಿ ನೋಡ್ತೀವಿ" ಅಂದೆ. ಮಕ್ಕಳ ಕಣ್ಣು ಅರಳಿದ್ದನ್ನು ನೀನು ನೋಡಬೇಕಿತ್ತು. ಗೋಡೆಗೆ ಎರಡು ಗೆರೆ, ಬಾಗಿಲು ಎತ್ತ ತೆರೆಯುತ್ತದೆಂದು ತೋರಿಸಲು ಒಂದು ಕಮಾನು, ಎಲ್ಲ ಹೇಳಿಕೊಟ್ಟೆ. ಬೇಕರಿಯವರ ಮಗಳು, ಗಿಲಕಿಯ ಜೋಡಿ, ಸಂದೇಹದ ಮೂಟೆ ಅವಳು, "ಅಂಕಲ್, ಅಟ್ಟ ಹೆಂಗೆ ಬರಿಯೋದು? ಅದು ಮೇಲೆ ಇರುತ್ತಲ್ಲ, ಚಾವಣಿ ಜೊತೆ ಹೋಯ್ತಾ?" ಎಂದು ಕೇಳಿದಳು. ನಾನು ಗಂಭೀರವಾಗಿ ಹೇಳಿದೆ, "ಮನೇಲಿ ಇದೆ, ಆದ್ರೆ ಇಲ್ಲಿ ನಿಂತರೆ ಕಾಣಲ್ಲ ಅಂತಾದ್ರೆ ತುಂಡು ಗೆರೆ ಹಾಕ್ಬೇಕು. ತುಂಡು ಗೆರೆ ಅಂದ್ರೆ ಇದೆ ಅಂತ ಅರ್ಥ." ಅದನ್ನು ಎಲ್ಲರೂ ಒಪ್ಪಿಕೊಂಡರು. ಗಿಲಕಿ ಮೆಂಡರ್ ತಿರುಗಿಸುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ತಿರುಗಿಸಿದಳು.

ಸದ್ಯಕ್ಕೆ ಇಷ್ಟೇ ಸಮಾಚಾರ. ಆ ಮಣ್ಣು ಸುಡುವ ಒಲೆಯ ಹತ್ತಿರ ಸೆರಗು ಸಿಕ್ಕಿಸಿಕೊಂಡು ಓಡಾಡು.

ಇಂತಿ ನಿನ್ನ,
ಸ್ಕೇಲಪ್ಪ

*

ಮಾರ್ಚ್ ೨೪, ಭಾನುವಾರ ಸಂಜೆ

ಪ್ರೀತಿಯ ಮೇಡಂ,

ಮತ್ತೆ ತಡವಾಯಿತು. ಈ ಸಲ ಮೆಟ್ಟಿಲಿನವನ ತಪ್ಪಲ್ಲ, ನನ್ನ ಮರ್ಯಾದೆ ಶಾಲೆಯ ಪಡಸಾಲೆಯಲ್ಲಿ ನೇತಾಡುತ್ತಿತ್ತು, ಅದು ಇಳಿಯಲಿ ಎಂದು ಕಾಯುತ್ತಿದ್ದೆ. ಕೂತುಕೊಂಡು ಓದು.

ಈಗ ಶಾಲೆಯಲ್ಲಿ ನಿನ್ನ ಪಿರಿಯಡ್ಡು ಪಿ.ಟಿ. ಮೇಷ್ಟ್ರ ಪಾಲಾಗಿರುವುದು ನಿನಗೆ ಗೊತ್ತಲ್ಲ. ಅವರು ಮಕ್ಕಳಿಗೆ "ನನ್ನ ಮನೆ" ಎಂದು ವಿಷಯ ಕೊಟ್ಟರಂತೆ. ಬೇರೆ ಮಕ್ಕಳೆಲ್ಲ ತ್ರಿಕೋನದ ಕೆಳಗೆ ಚೌಕ ಬರೆದರೆ ನಮ್ಮ ಭಾನುವಾರದ ಸೈನ್ಯ ಚಾವಣಿ ಕಿತ್ತು ಕೂತಿತು. ಮೇಷ್ಟ್ರಿಗೆ ಖುಷಿಯೋ ಖುಷಿ. ಅವರಿಗೆ ಗೊತ್ತಿರುವ ಚಿತ್ರವೆಂದರೆ ಆಟದ ಮೈದಾನ, ಅದನ್ನೂ ಮೇಲಿಂದಲೇ ಬರೆಯುವುದು. "ಏನು ನೀಟಾಗಿದೆ" ಎಂದು ಎಲ್ಲವನ್ನೂ ಪಡಸಾಲೆಗೆ ಅಂಟಿಸಿದರು. ಅಂಟಿಸುವ ಮುಂಚೆ ಒಳಗೆ ಏನಿದೆ ಎಂದು ನೋಡಲಿಲ್ಲ.

ನಾನು ಗೋಡೆ ಬಾಗಿಲು ಹೇಳಿಕೊಟ್ಟೆನೇ ಹೊರತು, ಚಾವಣಿ ತೆಗೆದ ಮೇಲೆ ಒಳಗಿರುವ ಜನ ಏನು ಮಾಡುತ್ತಿರುತ್ತಾರೆ ಎಂದು ಯೋಚಿಸಲಿಲ್ಲ. ನಮ್ಮ ನಕ್ಷೆಗಳಲ್ಲಿ ಜನ ಇರುವುದಿಲ್ಲವಲ್ಲ. ಮಕ್ಕಳ ಮನೆಗಳಲ್ಲಿ ಇದ್ದರು. ಬೇಕರಿಯವರು ಕಕ್ಕಸಿನಲ್ಲಿ ಪೇಪರು ಓದುತ್ತ ಕೂತಿದ್ದರು, ಹೊರಗೆ ಅವರ ಹೆಂಡತಿ ಬಾಗಿಲು ಬಡಿಯುತ್ತಿದ್ದರು. ಕ್ಷೌರದಂಗಡಿಯವರು ಕನ್ನಡಿ ಮುಂದೆ ಮೀಸೆಗೆ ಕಪ್ಪು ಹಚ್ಚುತ್ತಿದ್ದರು. ಊರಿಗೆಲ್ಲ ಹಚ್ಚುವವರು ತಾವೂ ಹಚ್ಚಿಕೊಳ್ಳುತ್ತಾರೆ ಎಂದು ಈಗ ಊರಿಗೇ ಗೊತ್ತಾಯಿತು. ಅವಳಿಗಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವರ ಮಹಡಿಯ ಮೇಲೆ ಬಾಡಿಗೆಗಿರುವುದು ಹೆಡ್‌ಮೇಡಂ. ಅಪ್ಪನ ತಲೆಯ ನೇರಕ್ಕೆ, ತುಂಡು ಗೆರೆಯಲ್ಲಿ, ಸ್ಕಿಪ್ಪಿಂಗ್ ಹಗ್ಗ ಹಿಡಿದು ಕುಣಿಯುವ ಒಂದು ದೊಡ್ಡ ಹೆಂಗಸು.

ಹೆಡ್‌ಮೇಡಂ ಅದರ ಮುಂದೆ ಬಹಳ ಹೊತ್ತು ನಿಂತರಂತೆ. "ಇದು ಯಾರು?" ಎಂದು ಕೇಳಿದರಂತೆ.

"ನೀವೇ ಮೇಡಂ. ಕಾಣಲ್ಲ, ಬರೀ ಸದ್ದು ಬರುತ್ತೆ" ಅಂದಳಂತೆ ಅವಳಿಗಳಲ್ಲಿ ದೊಡ್ಡವಳು.

ಮೇಷ್ಟ್ರು ಕೆಲಸ ಹೋಯಿತು ಎಂದೇ ಅಂದುಕೊಂಡರಂತೆ. ಹೆಡ್‌ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರಂತೆ, ಯಾವುದನ್ನೂ ತೆಗೆಯಬೇಡಿ ಅಂದರಂತೆ. ಮಾರನೆಯ ದಿನದಿಂದ ಅಪ್ಪ ಅಮ್ಮಂದಿರು ಸಾಲುಗಟ್ಟಿದರು. ತಮ್ಮ ಮನೆಯದನ್ನು ಕೈಯಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯದನ್ನು ನೋಡುವುದು. ಬೇಕರಿಯವರು ಮಾತ್ರ ನಮ್ಮ ಮನೆ ಬಾಗಿಲಿಗೇ ಬಂದು, "ಸಾರ್, ನೀವು ಮಕ್ಕಳಿಗೆ ಹೂವು ಹಣ್ಣು ಹೇಳ್ಕೊಡಿ ಸಾರ್" ಎಂದು ಕೈ ಮುಗಿದರು. ಅಮ್ಮ ಒಳಗಿನಿಂದಲೇ, "ಪೇಪರ್ ಓದಿ ಆಯ್ತೇನಪ್ಪ?" ಅಂದುಬಿಟ್ಟರು.

ಇಷ್ಟು ಉದ್ದ ಬರೆದದ್ದು ನಿನ್ನನ್ನು ನಗಿಸಲು. ಮುಖ್ಯವಾದದ್ದು ಈಗ ಬರುತ್ತದೆ.

ಗಿಲಕಿ ಬರೆದಳು.

ಆದದ್ದು ಹೀಗೆ. ಕಳೆದ ಭಾನುವಾರ ನಮ್ಮ ತರಗತಿಯಲ್ಲಿ ಬೇಕರಿಯವರ ಮಗಳು ತನ್ನ ಮನೆ ಮುಗಿಸಿ, ಹೊಸ ಹಾಳೆ ತೆಗೆದು, "ನೀನಂತೂ ಬರಿಯಲ್ಲ, ನಿಮ್ಮನೇನೂ ನಾನೇ ಬರೀತೀನಿ ಬಿಡು" ಅಂದಳು. ಅಡುಗೆಮನೆ ಎಡಕ್ಕೆ ಬಂತು. ಗಿಲಕಿಯ ಮೆಂಡರ್ ನಿಂತಿತು. "ನಮ್ಮನೆ ಹಂಗಿಲ್ಲ" ಅಂದಳು. ಆ ಹುಡುಗಿ ಕೇಳಬೇಕಲ್ಲ. ಅಜ್ಜಿಯನ್ನು ಬರೆದಳು, ನನ್ನನ್ನು ಬರೆದಳು, ಗಿಲಕಿಗೆ ಎರಡು ಜಡೆ ಹಾಕಿ ಕೂರಿಸಿದಳು, "ಮುಗೀತು, ನಿಮ್ಮಮ್ಮ ಇಲ್ವಲ್ಲ" ಅಂದಳು.

ಗಿಲಕಿ ಹಾಳೆಯನ್ನೇ ಕಿತ್ತುಕೊಂಡಳು. "ಇದಾಳೆ. ಕಾಣಲ್ಲ ಅಷ್ಟೆ. ನಿಂಗೆ ತುಂಡು ಗೆರೆ ಹಾಕಕ್ಕೆ ಬರಲ್ಲ, ಕೊಡಿಲ್ಲಿ" ಎಂದು ಹಾಳೆ ಮಗುಚಿ, ಹಿಂಬದಿಯಲ್ಲಿ ಮೊದಲಿನಿಂದ ಶುರು ಮಾಡಿದಳು. ಊಟಕ್ಕೆ ಕರೆದರೂ ಏಳಲಿಲ್ಲ. ನಡುವೆ ಒಮ್ಮೆ ಹೊಟ್ಟೆಯ ಮೇಲೆ ತೆವಳಿ ಮಂಚದ ಕೆಳಗೆ ಹೋಗಿ, ಮೈಯೆಲ್ಲ ಧೂಳು ಮಾಡಿಕೊಂಡು, ಡಬ್ಬಿಯ ಸಮೇತ ಹೊರಗೆ ಬಂದಳು. ನಾನು ನೋಡಲಿಲ್ಲ ಎಂಬಂತೆ ಅಡುಗೆಮನೆಗೆ ಹೋಗಿ ನಿಂತೆ. ಅಮ್ಮ ಕೂಡ ಬಾಯಿ ಬಿಡಲಿಲ್ಲ ಅಂದರೆ ನೀನು ನಂಬುವುದಿಲ್ಲ.

ನೀನು ಆ ಚಿತ್ರದ ತುಂಬ ಇದ್ದೀಯ. ಅಡುಗೆಮನೆಯ ಒಲೆಯ ಮುಂದೆ ತುಂಡು ಗೆರೆಯಲ್ಲಿ, ತರಗತಿಯ ಗೋಡೆಯ ಹತ್ತಿರ ತುಂಡು ಗೆರೆಯಲ್ಲಿ, ಅಜ್ಜಿಯ ಪಕ್ಕ ಅವಳು ಮಲಗುವ ಹಾಸಿಗೆಯಲ್ಲಿ ಅವಳನ್ನು ತಬ್ಬಿಕೊಂಡು ತುಂಡು ಗೆರೆಯಲ್ಲಿ. ಎಲ್ಲ ಕಡೆ ನಿನಗೆ ಕೆಂಪು ಬಣ್ಣ. ಬರೆದು ಮುಗಿಸಿ, "ಅಮ್ಮಂಗೆ ಕಳ್ಸು, ಆದ್ರೆ ಮೊದ್ಲು ಸ್ಕೂಲಲ್ಲಿ ಅಂಟಿಸ್ಬೇಕು" ಅಂದಳು. ಆಮೇಲೆ ದಿನವೂ ಬರೆಯುತ್ತಿದ್ದಾಳೆ. ಬೆಕ್ಕು, ಬಸ್ಸು, ಮೀಸೆ, ಎಲ್ಲಾ ಮೇಲಿಂದ.

ಆದ್ದರಿಂದ ಮೇಡಂ, ನಿನ್ನ ಷರತ್ತಿನ ಪ್ರಕಾರ ನೀನು ಗೆದ್ದೆ. ಆ ಶಾಲೆಗೆ ಹೂಂ ಅಂದುಬಿಡು. ನಾವು ನೋಡಿಕೊಳ್ಳುತ್ತೇವೆ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ, ಚಿತ್ರದಲ್ಲಿ ತಾವು ಸಣ್ಣಗಿರುವುದನ್ನು ಗಮನಿಸಬೇಕಂತೆ. ಗಿಲಕಿಯಿಂದ ಮುತ್ತುಗಳು, ಎಷ್ಟು ಎಂದು ಅವಳೇ ಮರೆತಳು. ನಿನ್ನ ಕೈಯಿಂದ ಆ ಮಕ್ಕಳಿಗೂ ಒಳ್ಳೆಯದಾಗಲಿ.

ಇಂತಿ ನಿನ್ನ,
ಸ್ಕೇಲಪ್ಪ

ಮರೆತೆ: ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಬಿಡಿಸಿದರೆ ಬಲಗಡೆ ಮೇಲೆ ನಮ್ಮ ಕೋಣೆ. ಮಂಚದ ತೀರಾ ಅಂಚಿನಲ್ಲಿ ಉದ್ದಕ್ಕೆ ಒಂದು ಕೋಲು ಇದೆಯಲ್ಲ, ಅದು ನಾನು. ಉಳಿದ ಮಂಚವೆಲ್ಲ ಬಿಳಿ ಹಾಳೆ. ಪಡಸಾಲೆಯಲ್ಲಿ ಅದನ್ನು ನೋಡಿದ ಕ್ಷೌರದಂಗಡಿಯವರು, "ಏನ್ ಸಾರ್, ಅಷ್ಟು ದೊಡ್ಡ ಮಂಚ, ಬೀಳೋ ಹಾಗೆ ಮಲಗ್ತೀರಲ್ಲ" ಎಂದು ನಕ್ಕರು. ನಾನೂ ನಕ್ಕೆ. ಅಂಚಿಗೆ ಮಲಗುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಮನೆಗೆ ಬಂದು ಗಿಲಕಿಯನ್ನು ಕೇಳಿದೆ, "ಮನೆ ತುಂಬ ಅಮ್ಮನ್ನ ಬರ್ದಿದೀಯ, ಇಲ್ಲಿ ಯಾಕೆ ತುಂಡು ಗೆರೆ ಹಾಕ್ಲಿಲ್ಲ?" ಅವಳು ಪೆನ್ಸಿಲಿನಿಂದ ತಲೆ ಎತ್ತಲೇ ಇಲ್ಲ. "ಅಲ್ಲಿ ಅಮ್ಮ ಇಲ್ವಲ್ಲಪ್ಪ. ಅದಕ್ಕೇ ತಾನೆ ನೀನು ದಿನಾ ಜಾಗ ಬಿಟ್ಟು ಮಲಗೋದು" ಅಂದಳು. ನಿನ್ನ ಷರತ್ತು ಮಗಳ ವಿಷಯಕ್ಕೆ ಮಾತ್ರ ಇತ್ತು, ಅವಳು ಚೆನ್ನಾಗಿದ್ದಾಳೆ. ನನ್ನ ವಿಷಯ ನೀನು ಕೇಳಿರಲಿಲ್ಲ.