ಕಡಿಮೆಯಾಗಿದ್ದು ಹಾಲಲ್ಲ

ಅತ್ತೆ,

ಮಗುವನ್ನು ಕೈರೋಪ್ರಾಕ್ಟರ್, ಅಂದರೆ ಕೈಯಿಂದಲೇ ಮೂಳೆ-ಕೀಲು ಸರಿಮಾಡೋರ ಹತ್ತಿರ ಕರೆದುಕೊಂಡು ಹೋಗಿದ್ದೀನಿ. ಮೂಳೆ ಲಟಲಟ ಅನ್ನಿಸಲ್ಲ, ಗಾಬರಿ ಬೇಡ. ಬಿಗಿದ ಕುತ್ತಿಗೆ, ದವಡೆಯನ್ನು ಬೆರಳ ತುದಿಯಲ್ಲಿ ಸವರಿ ಸಡಿಲಿಸ್ತಾರೆ, ಅಷ್ಟೇ. ನಾಲಿಗೆ ಅಡಿಯ ಎಳೆ, ತುಟಿಯ ಎಳೆ ಎರಡೂ ಬಿಗಿಯಾಗಿ ಅವನಿಗೆ ಹಾಲು ಚೀಪೋಕೇ ಆಗ್ತಿಲ್ಲ ಅಂದರು ಮಕ್ಕಳ ಡಾಕ್ಟರು.

ಫ್ರಿಜ್ಜಿನ ಬಾಟಲಿಯಲ್ಲಿರೋದು ನನ್ನದೇ ಹಾಲು. ನೀರಾಗಿದೆ ಅಂತ ಚೆಲ್ಲಬೇಡಿ. ಪಕ್ಕದ ಮನೆಯವರ ಹತ್ತಿರ “ಸೊಸೆಗೆ ಹಾಲಿಲ್ಲ” ಅನ್ನೋ ರಾಗ ಇನ್ನು ಸಾಕು.

ಈ ಬಿಗಿ ವಂಶದಲ್ಲೂ ಬರುತ್ತಂತೆ. ನಿನ್ನೆ ನಿಮ್ಮ ಮಗನಿಗೆ ನಾಲಿಗೆ ಚಾಚಿ ಅಂದೆ, ಹಲ್ಲು ದಾಟಲಿಲ್ಲ.

ಇವರು ಹುಟ್ಟಿದಾಗ ನಿಮಗೆ ಹಾಲಿಲ್ಲ ಅಂತ ನಿಮ್ಮತ್ತೆ ಡಂಗುರ ಸಾರಿದ್ದನ್ನು ನೀವೇ ಅತ್ತುಕೊಂಡು ಹೇಳಿದ್ದಿರಿ. ಆ ಮುಳ್ಳನ್ನು ಇಷ್ಟು ವರ್ಷ ಜೋಪಾನ ಮಾಡಿ ನನಗೇ ಚುಚ್ಚಿದಿರಿ.

ನಿಮಗೂ ಹಾಲಿತ್ತು, ಅತ್ತೆ.